ಹಾಲಿನ ಹೆಸರಿನ ರಸ, ಆನೆಯ ಹೆಸರಿನ ಕಾಲು

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ರಕ್ತ ಪರಿಚಲನೆಯ ಪಾಠ ಮುಗಿಯುವ ಹೊತ್ತಿಗೆ 'ದುಗ್ಧರಸ' ಎಂಬ ಪದವೊಂದು ಬಂದು ಹೋಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದುಗ್ಧ ಎಂದರೆ ಹಾಲು. ಆದರೆ ಕಾಲಿನಲ್ಲೋ ತೋಳಿನಲ್ಲೋ ಹರಿಯುವ ಈ ರಸ ಹಾಲಿನಂತೇನೂ ಇಲ್ಲ. ತುಸು ಹಳದಿ ಛಾಯೆಯ ತಿಳಿನೀರಿನಂತಿರುತ್ತದೆ. ಹಾಗಿದ್ದರೆ ಇದಕ್ಕೂ ಹಾಲಿಗೂ ಎಲ್ಲಿಯ ನಂಟು? ಆ ನಂಟಿನ ಹಿಂದೆ ಇಟಲಿಯ ಒಬ್ಬ ಶಸ್ತ್ರವೈದ್ಯ ಮತ್ತು ಹೊಟ್ಟೆ ತುಂಬ ತಿಂದಿದ್ದ ಒಂದು ನಾಯಿಯ ಕಥೆ ಇದೆ.

1622ರ ಜುಲೈ 23. ಮಿಲಾನ್ ನಗರದಲ್ಲಿ ಗಾಸ್ಪಾರೆ ಅಸೆಲ್ಲಿ ಎಂಬ ಶಸ್ತ್ರವೈದ್ಯ ಗೆಳೆಯರ ಮುಂದೆ ಜೀವಂತ ನಾಯಿಯೊಂದನ್ನು ಕೊಯ್ದು ನರಗಳನ್ನು ತೋರಿಸುತ್ತಿದ್ದ. (ಅರಿವಳಿಕೆ ಇನ್ನೂ ಹುಟ್ಟಿರದ ಕಾಲ, ಆ ಕ್ರೌರ್ಯವನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.) ಹೊಟ್ಟೆಯನ್ನು ಬಿಡಿಸಿ ಕರುಳನ್ನು ಪಕ್ಕಕ್ಕೆ ಸರಿಸಿದಾಗ ಕರುಳಿನ ಪೊರೆಯ ತುಂಬ ಬಿಳಿ ದಾರಗಳು ಹರಡಿಕೊಂಡಿದ್ದವು. ಮೊದಲು ಅವನ್ನೂ ನರಗಳೆಂದೇ ಅಸೆಲ್ಲಿ ಭಾವಿಸಿದ. ಒಂದನ್ನು ಚುಚ್ಚಿದ. ಹಾಲಿನಂಥ ಬಿಳಿ ದ್ರವ ಚಿಮ್ಮಿತು. ನಾಯಿ ಸತ್ತ ಸ್ವಲ್ಪ ಹೊತ್ತಿಗೆ ಆ ದಾರಗಳೂ ಕಣ್ಮರೆಯಾದವು. ಮರುದಿನ ಇನ್ನೊಂದು ನಾಯಿಯನ್ನು ಕೊಯ್ದರೆ ಏನೂ ಕಾಣಲಿಲ್ಲ. ಆಗ ಹೊಳೆದದ್ದು: ಮೊದಲ ನಾಯಿಗೆ ಊಟ ಹಾಕಲಾಗಿತ್ತು, ಎರಡನೆಯದಕ್ಕೆ ಇರಲಿಲ್ಲ. ಊಟದಲ್ಲಿನ ಕೊಬ್ಬನ್ನು ಕರುಳಿನಿಂದ ಹೊತ್ತೊಯ್ಯುವ ನಾಳಗಳವು; ಕೊಬ್ಬು ತುಂಬಿದಾಗ ಮಾತ್ರ ಬಿಳಿಯಾಗಿ ಕಾಣುತ್ತವೆ.

ಅಸೆಲ್ಲಿ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಅವನ ಪುಸ್ತಕ ಹೊರಬಂದದ್ದು ಆಮೇಲೆ, 1627ರಲ್ಲಿ, ಬಣ್ಣದ ಚಿತ್ರಗಳೊಂದಿಗೆ. ಆ ನಾಳಗಳು ಯಕೃತ್ತಿಗೆ ಹೋಗುತ್ತವೆಂದು ಅವನು ತಪ್ಪು ತಿಳಿದಿದ್ದ. ಅವು ಎದೆಯೊಳಗಿನ ಒಂದು ದೊಡ್ಡ ನಾಳವನ್ನು ಸೇರಿ ಕೊನೆಗೆ ರಕ್ತಕ್ಕೆ ಬೀಳುತ್ತವೆ ಎಂಬುದನ್ನು 1651ರಲ್ಲಿ ಫ್ರಾನ್ಸಿನ ಜೀನ್ ಪೆಕೆ ತೋರಿಸಿದ. ಇಂಥ ನಾಳಗಳು ಕರುಳಿನಲ್ಲಷ್ಟೇ ಅಲ್ಲ, ಇಡೀ ಮೈಯಲ್ಲಿ ಇವೆ ಎಂಬುದು ಮುಂದಿನ ಒಂದೆರಡು ವರ್ಷಗಳಲ್ಲೇ ತಿಳಿಯಿತು. ಲ್ಯಾಟಿನ್ನಿನವರು 'ತಿಳಿನೀರು' ಎಂಬರ್ಥದ ಹೆಸರಿಟ್ಟುಕೊಂಡರು. ಕನ್ನಡದ ಪಠ್ಯಪುಸ್ತಕ ಮಾತ್ರ ಹಾಲನ್ನು ಬಿಟ್ಟಿಲ್ಲ.

ಮೈಯೊಳಗಿನ ಬಸಿಗಾಲುವೆ

ಈ ನಾಳಗಳ ಕೆಲಸವೇನು ಎಂಬುದನ್ನು ಗಂಗಾವತಿ, ಕಾರಟಗಿ ಕಡೆಯ ಭತ್ತದ ರೈತರಿಗೆ ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ಗದ್ದೆಗೆ ನೀರು ತರುತ್ತದೆ. ಬಂದ ನೀರೆಲ್ಲ ಬೆಳೆಗೆ ಬೇಕಾಗುವುದಿಲ್ಲ. ಒಂದಿಷ್ಟು ನೆಲದಲ್ಲಿ ಇಂಗಿ, ಬಸಿದು, ತಗ್ಗಿಗೆ ಬರುತ್ತದೆ. ಅದನ್ನು ಹೊತ್ತೊಯ್ಯಲು ಬಸಿಗಾಲುವೆ ಇರಬೇಕು. ಬಸಿಗಾಲುವೆ ಹೂಳು ತುಂಬಿದರೆ ಭೂಮಿ ಸವಳು-ಜವಳಾಗುತ್ತದೆ. ಚಿನ್ನದಂಥ ನೆಲ ಕೆಲವೇ ವರ್ಷಗಳಲ್ಲಿ ಕೈಬಿಟ್ಟು ಹೋಗುತ್ತದೆ.

ದೇಹದಲ್ಲೂ ಹೀಗೆಯೇ. ರಕ್ತನಾಳಗಳ ತೀರಾ ಸಣ್ಣ ಕವಲುಗಳಿಂದ ದಿನವಿಡೀ ನೀರು, ಅದರೊಂದಿಗೆ ಒಂದಿಷ್ಟು ಪ್ರೋಟೀನು ಹೊರಗೆ ಬಸಿಯುತ್ತಿರುತ್ತದೆ. ದಿನಕ್ಕೆ ಲೀಟರುಗಟ್ಟಲೆಯಾಗುವ ಈ ಬಸಿನೀರನ್ನು ಹಿಂದಕ್ಕೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳು. ಇವುಗಳಿಗೆ ಹೃದಯದಂಥ ಪಂಪಿಲ್ಲ. ನಾಳ ತಾನೇ ಅಷ್ಟಷ್ಟು ಹಿಂಡಿಕೊಳ್ಳುತ್ತದೆ, ನಡೆದಾಗ ಮಾಂಸಖಂಡಗಳು ಒತ್ತುತ್ತವೆ, ಉಸಿರಾಟ ಮೇಲಕ್ಕೆ ಎಳೆಯುತ್ತದೆ; ಒಳಗಿನ ಸಣ್ಣ ಕವಾಟಗಳು ರಸ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಂಥ ಗ್ರಂಥಿಗಳು. ರೋಗಾಣು ಬಂದರೆ ಅಲ್ಲಿ ತಡೆಯಾಗುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುವುದು ಇದೇ ಕಾರಣಕ್ಕೆ.

ಬಸಿಗಾಲುವೆ ಕೆಟ್ಟರೆ ಕಾಲು ಜವಳು ಹಿಡಿಯುತ್ತದೆ. ಈ ಜವಳನ್ನು ಚಾಕುವಿನಿಂದ ಸರಿಪಡಿಸಬಹುದೆ?

ಒಂದು ವರ್ಷ, ಒಂದು ಪತ್ರಿಕೆ, ಇಬ್ಬರು ಸರ್ಜನ್ನರು

1908ನೇ ಇಸವಿಯಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯ ವಾರಪತ್ರಿಕೆಯಲ್ಲಿ ಎರಡು ಲೇಖನಗಳು ಬಂದವು. ಎರಡೂ ಶಸ್ತ್ರವೈದ್ಯರು ಬರೆದವು, ಎರಡರ ಬೇರೂ ದುಗ್ಧನಾಳದಲ್ಲೇ. ಒಂದು ಗೆದ್ದಿತು, ಇನ್ನೊಂದು ಸೋತಿತು.

ಗೆದ್ದದ್ದು ಅರ್ನೆಸ್ಟ್ ಮೈಲ್ಸ್ ಅವರದ್ದು. ಗುದನಾಳದ ಕ್ಯಾನ್ಸರಿಗೆ ಆಗ ಕೆಳಗಿನಿಂದಲೇ ಕೊಯ್ದು ಗಡ್ಡೆ ತೆಗೆಯುತ್ತಿದ್ದರು. ಮೈಲ್ಸ್ ತಾವು ಹೀಗೆ ಶಸ್ತ್ರಕ್ರಿಯೆ ಮಾಡಿದ 57 ರೋಗಿಗಳ ಲೆಕ್ಕ ಇಟ್ಟರು. 54 ಮಂದಿಯಲ್ಲಿ ರೋಗ ಮರುಕಳಿಸಿತ್ತು. ಇಂಥ ಲೆಕ್ಕವನ್ನು ಮುಚ್ಚಿಡುವವರೇ ಹೆಚ್ಚು. ಮೈಲ್ಸ್ ಸತ್ತವರ ಶವಪರೀಕ್ಷೆ ಮಾಡಿ ರೋಗ ಎಲ್ಲಿ ಉಳಿದಿತ್ತು ಎಂದು ಹುಡುಕಿದರು. ಕ್ಯಾನ್ಸರ್ ಕಣಗಳು ದುಗ್ಧನಾಳಗಳ ದಾರಿ ಹಿಡಿದು ಕೆಳಕ್ಕೆ, ಪಕ್ಕಕ್ಕೆ, ಮುಖ್ಯವಾಗಿ ಮೇಲಕ್ಕೆ ಹೊಟ್ಟೆಯೊಳಕ್ಕೆ ಹೋಗಿದ್ದವು. ಹಾಗಾದರೆ ಗಡ್ಡೆಯನ್ನಷ್ಟೇ ತೆಗೆದರೆ ಸಾಲದು, ಹೊಟ್ಟೆಯ ಕಡೆಯಿಂದಲೂ ಹೋಗಿ ಆ ದಾರಿಯನ್ನೇ, ಗ್ರಂಥಿಗಳ ಸಮೇತ, ಕಿತ್ತು ತೆಗೆಯಬೇಕು ಎಂದು ಅವರು ವಾದಿಸಿದರು. ಮೊದಮೊದಲು ಈ ದೊಡ್ಡ ಶಸ್ತ್ರಕ್ರಿಯೆಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು. ಬದುಕಿದವರು ಹೊಟ್ಟೆಯ ಮೇಲೆ ಮಲದ ದಾರಿ ಮಾಡಿಸಿಕೊಂಡು ಬಾಳಬೇಕಾಯಿತು. ಆದರೂ ದಾರಿ ಸರಿಯಾಗಿತ್ತು. 1932ರಲ್ಲಿ ಲಂಡನ್ನಿನ ಕತ್‌ಬರ್ಟ್ ಡ್ಯೂಕ್ಸ್ ಗುದನಾಳದ ಕ್ಯಾನ್ಸರನ್ನು ಹಂತಗಳಾಗಿ ವಿಂಗಡಿಸಿದಾಗಲೂ ಗ್ರಂಥಿಗೆ ರೋಗ ತಲುಪಿದೆಯೇ ಇಲ್ಲವೇ ಎಂಬುದೇ ನಿರ್ಣಾಯಕವಾಯಿತು. ಇಂದಿಗೂ ಕರುಳಿನ ಕ್ಯಾನ್ಸರ್ ಶಸ್ತ್ರಕ್ರಿಯೆಯ ನಂತರ ಪರೀಕ್ಷಾಲಯದವರು ಕನಿಷ್ಠ 12 ಗ್ರಂಥಿಗಳನ್ನು ಹುಡುಕಿ ನೋಡಬೇಕೆಂಬ ನಿಯಮವಿದೆ.

ಸೋತದ್ದು ಸ್ಯಾಂಪ್ಸನ್ ಹ್ಯಾಂಡ್ಲಿಯವರ ಉಪಾಯ. ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ಕಂಕುಳಿನ ಗ್ರಂಥಿಗಳು ಕೆಟ್ಟರೆ ತೋಳು ಊದಿಕೊಳ್ಳುತ್ತದೆ. ಹ್ಯಾಂಡ್ಲಿ ಊದಿದ ತೋಳಿನ ಚರ್ಮದಡಿ ರೇಷ್ಮೆ ದಾರಗಳನ್ನು ಉದ್ದಕ್ಕೆ ಹಾಯಿಸಿದರು. ದೀಪದ ಬತ್ತಿ ಎಣ್ಣೆ ಎಳೆದಂತೆ ದಾರ ನೀರನ್ನು ಎಳೆದೊಯ್ಯುತ್ತದೆ ಎಂಬುದು ಲೆಕ್ಕ. ಯೋಚನೆ ಚೆನ್ನಾಗಿತ್ತು, ಮೊದಮೊದಲು ಊತ ಇಳಿದದ್ದೂ ಉಂಟು. ಆದರೆ ದಾರದ ಸುತ್ತ ಗಾಯದ ಅಂಗಾಂಶ ಬೆಳೆಯಿತು, ಕೆಲವರಿಗೆ ಕೀವಾಯಿತು, ಕೆಲವರಲ್ಲಿ ದಾರವೇ ಹೊರಗೆ ಬಂತು. ತೋಳು ಮತ್ತೆ ಊದಿತು.

ಬಸಿಗಾಲುವೆಯನ್ನು ಕಿತ್ತು ಹಾಕುವುದು ಸರ್ಜನ್ನರಿಗೆ ಸಾಧ್ಯವಾಯಿತು. ಹೊಸದಾಗಿ ಕಟ್ಟಿ ಕೊಡುವುದು ಅಷ್ಟು ಸುಲಭವಾಗಿ ಆಗಲಿಲ್ಲ. ಆನೆಕಾಲಿನ ಇಡೀ ಇತಿಹಾಸದಲ್ಲಿ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ.

ಹಳೆಯ ನೀರು ನಿಂತ ನಾಡು

ಆನೆಕಾಲು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಮೂಲವ್ಯಾಧಿ, ಭಗಂದರಗಳಿಗೆ ಇರುವಂತೆ 'ಶ್ಲೀಪದ' ಎಂಬ ಕಾಲೂತದ ವಿವರವೂ ಇದೆ. ಭಗಂದರದಂಥ ನಾಳವ್ರಣಗಳಿಗೆ ಸುಶ್ರುತ ಹೇಳಿದ ಕ್ಷಾರ ಸವರಿದ ದಾರದ ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಲವು ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಅದು ಇಂದಿಗೂ ಬಳಕೆಯಲ್ಲಿದೆ. ಶ್ಲೀಪದದ ವಿಷಯದಲ್ಲಿ ಚಿಕಿತ್ಸೆಗಿಂತ ಸುಶ್ರುತನ ಕಣ್ಣು ದೊಡ್ಡದು. ಹಳೆಯ ನೀರು ನಿಂತಿರುವ, ಎಲ್ಲ ಋತುಗಳಲ್ಲೂ ತಂಪಾಗಿರುವ ನಾಡುಗಳಲ್ಲಿ ಈ ರೋಗ ವಿಶೇಷವಾಗಿ ಹುಟ್ಟುತ್ತದೆ ಎಂದು ಅಲ್ಲಿ ಹೇಳಿದೆ. ಸೊಳ್ಳೆಯ ಹೆಸರಿಲ್ಲ, ನಿಂತ ನೀರಿದೆ. ಪಶ್ಚಿಮ ಕರಾವಳಿಗೆ ಬಂದ ಯುರೋಪಿಯನ್ನರು ಇದನ್ನೇ 'ಕೊಚ್ಚಿ ಕಾಲು' ಎಂದು ಕರೆದರು.

ಸೊಳ್ಳೆಯ ಪಾತ್ರ ಹೊರಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ರೋಗಿಗಳ ರಕ್ತದಲ್ಲಿ ಸೂಕ್ಷ್ಮ ಹುಳುಮರಿಗಳನ್ನು ಕಂಡರು. 1877ರಲ್ಲಿ ಚೀನಾದ ಅಮಾಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ರೋಗವಿದ್ದ ತಮ್ಮ ತೋಟದ ಆಳಿನ ರಕ್ತ ಹೀರಿದ ಸೊಳ್ಳೆಗಳನ್ನು ಕೊಯ್ದು ನೋಡಿ, ಹುಳು ಅವುಗಳೊಳಗೆ ಬೆಳೆಯುವುದನ್ನು ತೋರಿಸಿದರು. ಮಲೇರಿಯಾದಲ್ಲಿ ಸೊಳ್ಳೆಯ ಕೈವಾಡ ಗೊತ್ತಾಗುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬಾಕಿಯಿತ್ತು. ನಮ್ಮಲ್ಲಿ ಈ ಹುಳುವನ್ನು ಹರಡುವುದು ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಹುಳುಮರಿಗಳು ರಕ್ತದ ಮೇಲ್ಪದರಕ್ಕೆ ಬರುವುದು ನಡುರಾತ್ರಿಯ ಸುಮಾರಿಗೆ, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ. ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತು ಮನೆಮನೆಗೆ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುತ್ತಿದ್ದುದರ ಗುಟ್ಟು ಇದು.

ಒಂದೆರಡು ಸೊಳ್ಳೆ ಕಚ್ಚಿದರೆ ಕಾಲು ಊದುವುದಿಲ್ಲ. ತಿಂಗಳು, ವರ್ಷಗಟ್ಟಲೆ ಕಡಿತ ಬೇಕು. ಚಿಕ್ಕಂದಿನಲ್ಲಿ ಹೊಕ್ಕ ಹುಳು ದುಗ್ಧನಾಳದಲ್ಲಿ ಗೂಡು ಕಟ್ಟಿ ನಾಳವನ್ನು ಹಿಗ್ಗಿಸುತ್ತದೆ, ಕವಾಟಗಳು ಕೆಲಸ ನಿಲ್ಲಿಸುತ್ತವೆ. ಊತ ಕಾಣುವುದು ಎಷ್ಟೋ ವರ್ಷಗಳ ಮೇಲೆ. ಆ ಹೊತ್ತಿಗೆ ರಕ್ತದಲ್ಲಿ ಹುಳುವೇ ಇರದಿರಬಹುದು. ಬೆಂಕಿ ಆರಿದೆ, ಮನೆ ಸುಟ್ಟಿದೆ.

ಸುಟ್ಟ ಮನೆಯನ್ನು ಸರಿಪಡಿಸಲು ಸರ್ಜನ್ನರು ಮಾಡದ ಪ್ರಯತ್ನವಿಲ್ಲ. ಊದಿದ ಮಾಂಸವನ್ನೆಲ್ಲ ಕೊರೆದು ತೆಗೆದು ಬೇರೆ ಕಡೆಯ ಚರ್ಮ ಹೊದಿಸುವ ಶಸ್ತ್ರಕ್ರಿಯೆಗೆ ಕಲ್ಕತ್ತೆಯಲ್ಲಿ ಕೆಲಸ ಮಾಡಿದ್ದ ಹ್ಯಾವ್‌ಲಾಕ್ ಚಾರ್ಲ್ಸ್ ಅವರ ಹೆಸರಿದೆ. 1960ರ ದಶಕದಲ್ಲಿ ಪೋಲೆಂಡಿನ ವಾರ್ಸಾದಲ್ಲಿ ನೀಲುಬೊವಿಚ್ ಮತ್ತು ವಾಲ್ಡೆಮಾರ್ ಓಲ್ಶೆವ್‌ಸ್ಕಿ ದುಗ್ಧಗ್ರಂಥಿಯನ್ನು ಪಕ್ಕದ ರಕ್ತನಾಳಕ್ಕೆ ಹೊಲಿದು ಬಸಿನೀರಿಗೆ ಅಡ್ಡದಾರಿ ಮಾಡಿಕೊಟ್ಟರು. ತಂಜಾವೂರಿನ ಶಸ್ತ್ರವೈದ್ಯ ಎಸ್. ಜಮಾಲ್ ಈ ವಿಧಾನವನ್ನು ಆನೆಕಾಲು ರೋಗಿಗಳ ಮೇಲೆ ಬಳಸಿದರು. ಕೆಲವರಿಗೆ ಒಳ್ಳೆಯದಾಯಿತು. ಆದರೆ ಊರೂರಿನ ರೋಗಿಗಳಿಗೆಲ್ಲ ಸಿಗುವ ಚಿಕಿತ್ಸೆ ಅದಲ್ಲ.

ಆ ನಂಟಿನಿಂದ ಹೊರಬಂದ ಇನ್ನೊಂದು ಸಂಶೋಧನೆ ಶಸ್ತ್ರಕ್ರಿಯೆಗಿಂತ ಹೆಚ್ಚು ಉಪಯೋಗಕ್ಕೆ ಬಂತು ಎನ್ನಬೇಕು. ಆನೆಕಾಲಿನವರಿಗೆ ಆಗಾಗ 'ಅಟ್ಯಾಕ್' ಬರುತ್ತದೆ. ಚಳಿ ನಡುಕ, ಜ್ವರ, ಕಾಲು ಕೆಂಪಗಾಗಿ ಮುಟ್ಟಲಾರದಷ್ಟು ನೋವು, ನಾಲ್ಕಾರು ದಿನ ಹಾಸಿಗೆ. ಕೂಲಿಯವರಿಗೆ ಆ ನಾಲ್ಕಾರು ದಿನವೆಂದರೆ ಒಲೆ ಉರಿಯದ ದಿನ. ಪ್ರತಿ ಅಟ್ಯಾಕಿನ ನಂತರ ಕಾಲು ಮೊದಲಿಗಿಂತ ದಪ್ಪವಾಗುತ್ತದೆ. ಇದು ಹುಳುವಿನ ಕಾಟವೆಂದೇ ಬಹುಕಾಲ ನಂಬಲಾಗಿತ್ತು. ಓಲ್ಶೆವ್‌ಸ್ಕಿ, ಜಮಾಲ್, ಚೆನ್ನೈನ ಜಿ. ಮನೋಕರನ್ ಮತ್ತು ಸಂಗಡಿಗರು ರೋಗಿಗಳ ಚರ್ಮ, ಬಸಿನೀರು, ಗ್ರಂಥಿಗಳನ್ನು ಪರೀಕ್ಷೆಗೆ ಒಡ್ಡಿ 1997ರಲ್ಲಿ ವರದಿ ಮಾಡಿದರು: ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಿತ್ತು. ಕಾಲ್ಬೆರಳ ಸಂದಿಯ ಒಡಕು, ಕೆಸರುಹುಣ್ಣು, ಕೆರೆದ ಗಾಯ ಇವುಗಳಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಜವಳು ಹಿಡಿದ ಕಾಲಿನಲ್ಲಿ ಬಿಡಾರ ಹೂಡುತ್ತದೆ. ಬ್ರೆಜಿಲಿನ ರೆಸೀಫೆ ನಗರದಲ್ಲಿ ವೈದ್ಯೆ ಜೆರೂಸಾ ಡ್ರೇಯರ್ ಕೂಡ 1990ರ ದಶಕದಲ್ಲಿ ಇದೇ ತೀರ್ಮಾನಕ್ಕೆ ಬಂದು ರೋಗಿಗಳ ಕೂಟಗಳನ್ನು ಕಟ್ಟಿ ಕಾಲು ತೊಳೆಯುವುದನ್ನು ಕಲಿಸುತ್ತಿದ್ದರು. ಬಾಗಿಲು ಮುಚ್ಚಿದರೆ ಅಟ್ಯಾಕು ಕಡಿಮೆಯಾಗುತ್ತದೆ. ಬಾಗಿಲು ಮುಚ್ಚಲು ಬೇಕಾದದ್ದು ಸೋಪು, ನೀರು ಮತ್ತು ಒಣ ಬಟ್ಟೆ.

ಕಾಸರಗೋಡಿನಿಂದ ಕಲಬುರಗಿಗೆ

ಕನ್ನಡಿಗರ ಪಾಲಿಗೆ ಈ ಕಥೆಯ ಹತ್ತಿರದ ಅಧ್ಯಾಯ ಇರುವುದು ಕಾಸರಗೋಡಿನಲ್ಲಿ. ಚರ್ಮರೋಗ ತಜ್ಞ ಡಾ. ಎಸ್.ಆರ್. ನರಹರಿ ಅಲ್ಲಿ 1999ರಲ್ಲಿ 'ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ' ಎಂಬ ಸಂಸ್ಥೆ ಆರಂಭಿಸಿದರು. ಅಲೋಪಥಿ, ಆಯುರ್ವೇದ, ಹೋಮಿಯೋಪಥಿ ವೈದ್ಯರನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದು ಇಲ್ಲಿನ ವಿಶೇಷ. ಸಾಮಾನ್ಯವಾಗಿ ಇವರು ಒಬ್ಬರ ನೆರಳು ಕಂಡರೆ ಒಬ್ಬರಿಗೆ ಆಗದವರು. ಆಕ್ಸ್‌ಫರ್ಡಿನ ಚರ್ಮರೋಗ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಬೆಂಬಲಕ್ಕೆ ನಿಂತರು.

ಅವರು ರೂಪಿಸಿದ ಕ್ರಮ ಸರಳ. ಕಾಲನ್ನು ಸೋಪಿನಿಂದ ತೊಳೆದು ಒರೆಸುವುದು. ಗಿಡಮೂಲಿಕೆಗಳ ಫಾಂಟದಲ್ಲಿ ಅದ್ದಿಡುವುದು. ಎಣ್ಣೆ ಸವರಿ ಮೃದುವಾಗಿ ಉಜ್ಜುವುದು. ಯೋಗ ಮತ್ತು ಉಸಿರಾಟದ ಅಭ್ಯಾಸ. ಕೊನೆಗೆ ಬಿಗಿಯಾಗಿ ಬ್ಯಾಂಡೇಜು ಸುತ್ತುವುದು. ಬೆರಳ ಸಂದಿಯ ಹುಣ್ಣಿಗೆ, ಸೋಂಕಿಗೆ ಆಧುನಿಕ ಔಷಧವೇ. ರೋಗಿ ಮತ್ತು ಮನೆಯವರೊಬ್ಬರು ಎರಡು ವಾರದಷ್ಟು ಕಾಲ ಬಂದು ಕಲಿತು, ಮುಂದೆ ಮನೆಯಲ್ಲೇ ದಿನಾ ಮಾಡಬೇಕು. 2007ರಲ್ಲಿ ಈ ವಿಧಾನದ ವಿವರ ಅಂತಾರಾಷ್ಟ್ರೀಯ ನಿಯತಕಾಲಿಕೆಯೊಂದರಲ್ಲಿ ಬಂತು. ನಂತರ ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ಕಾಲಿನ ಗಾತ್ರ ಇಳಿದಿತ್ತು, ಅಟ್ಯಾಕುಗಳು ಕಡಿಮೆಯಾಗಿದ್ದವು.

ಇಲ್ಲೊಂದು ಮಾತು ಹೇಳಲೇಬೇಕು. ಹತ್ತು ಕೈ ಸೇರಿದ ಅಡುಗೆಯಲ್ಲಿ ರುಚಿ ಯಾವ ಪದಾರ್ಥದ್ದು ಎಂದು ಹೇಳುವುದು ಕಷ್ಟ. ಕಾಲಿಳಿದದ್ದು ಫಾಂಟದಿಂದಲೋ, ಬ್ಯಾಂಡೇಜಿನಿಂದಲೋ, ಬರಿಯ ಸೋಪು-ನೀರಿನಿಂದಲೋ? ಹಳ್ಳಿಗಳ ಆ ಅಧ್ಯಯನದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿರಲಿಲ್ಲ. ತೊಳೆಯುವುದು ಮತ್ತು ಒಣಗಿಸುವುದು ಉಪಕಾರಿ ಎಂಬುದಕ್ಕೆ ಜಗತ್ತಿನ ಬೇರೆ ಕಡೆಗಳಿಂದಲೂ ಆಧಾರವಿದೆ. ಗಿಡಮೂಲಿಕೆಯ ಪಾಲು ಎಷ್ಟು ಎಂಬುದನ್ನು ಅದೇ ಬಲದಿಂದ ಹೇಳುವಂತಿಲ್ಲ. ಮನೆ ಬಿಟ್ಟು ಹೊರಬರದಿದ್ದವರನ್ನು ಶಿಬಿರಕ್ಕೆ ಕರೆತಂದು, ಅವರ ಕಾಲನ್ನು ಅವರ ಕೈಗೇ ಒಪ್ಪಿಸಿದ್ದು ಮಾತ್ರ ಸಣ್ಣ ಕೆಲಸವಲ್ಲ.

ಕಲಬುರಗಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ರಾಜ್ಯದಲ್ಲಿ ಆನೆಕಾಲು ರೋಗ ನೆಲೆಯೂರಿದ ಜಿಲ್ಲೆಗಳೆಂದು ಗುರುತಿಸಿದ್ದು ಎರಡು ಮೂಲೆಗಳನ್ನು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಒಂದು ಕಡೆ; ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಇನ್ನೊಂದು ಕಡೆ. ಕುಕನೂರು, ಯಲಬುರ್ಗಾ ಕಡೆಯವರಿಗೆ ಈ ಎರಡೂ ಮೂಲೆ ದೂರದವಲ್ಲ. ರಾಯಚೂರು, ಬಾಗಲಕೋಟೆ ಪಕ್ಕದ ಜಿಲ್ಲೆಗಳು. ಮಂಗಳೂರು, ಉಡುಪಿ ಬರಗಾಲದಲ್ಲಿ ಗುಳೆ ಹೋಗುವ ಊರುಗಳು.

ದೇಶದಲ್ಲಿ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. 2004ರಿಂದ ರೋಗವಿರುವ ಜಿಲ್ಲೆಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಡಿಇಸಿ ಮಾತ್ರೆ ನುಂಗಿಸುವ ಅಭಿಯಾನ ಬಂತು, ಮುಂದೆ ಅದರ ಜೊತೆ ಜಂತುಹುಳದ ಅಲ್ಬೆಂಡಜೋಲ್ ಸೇರಿತು. ಮೂರನೆಯದಾಗಿ ಐವರ್‌ಮೆಕ್ಟಿನ್ ಸೇರಿಸಿದರೆ ಸುರಕ್ಷಿತವೇ ಎಂಬ ಪರೀಕ್ಷೆ ಭಾರತದಲ್ಲಿ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲೇ, ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನ ನೇತೃತ್ವದಲ್ಲಿ. 2018ರ ಕೊನೆಯಿಂದ ಮೂರು ಮಾತ್ರೆಗಳ ಅಭಿಯಾನ ದೇಶದ ಆಯ್ದ ಜಿಲ್ಲೆಗಳಲ್ಲಿ ಆರಂಭವಾಯಿತು. 2027ರ ಹೊತ್ತಿಗೆ ರೋಗವನ್ನು ತೊಲಗಿಸುವುದು ಸರ್ಕಾರದ ಗುರಿ.

ಮಾತ್ರೆ ನುಂಗಬೇಕಾದದ್ದು ರೋಗವಿಲ್ಲದವರೂ ಸಹ ಎಂಬುದನ್ನು ಜನ ಸುಲಭಕ್ಕೆ ಒಪ್ಪುವುದಿಲ್ಲ. 'ನನಗೇನಾಗಿದೆ?' ಎಂದು ಮಾತ್ರೆಯನ್ನು ಕಿಟಕಿಯಲ್ಲಿ ಇಟ್ಟವರು ಎಷ್ಟೋ. ರಕ್ತದಲ್ಲಿನ ಹುಳುಮರಿ ಸತ್ತರೆ ಸೊಳ್ಳೆಗೆ ಸಾಗಿಸಲು ಏನೂ ಇರುವುದಿಲ್ಲ. ಮುಂದಿನ ಪೀಳಿಗೆಯ ಕಾಲು ಉಳಿಯುತ್ತದೆ. ಆದರೆ ಈಗಾಗಲೇ ಊದಿದ ಕಾಲಿಗೆ ಆ ಮಾತ್ರೆಯಿಂದ ಏನೂ ಆಗದು. ಜಿಲ್ಲೆ ರೋಗಮುಕ್ತ ಎಂದು ಘೋಷಣೆಯಾದ ದಿನವೂ ಊರಿನ ಯಾವುದೋ ಓಣಿಯಲ್ಲಿ ಸೀರೆಯ ನೆರಿಗೆಯನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟು ಕಾಲು ಮರೆಮಾಡಿಕೊಳ್ಳುವ ಹೆಂಗಸು ಇದ್ದೇ ಇರುತ್ತಾಳೆ. ಗಂಡಸರಲ್ಲಿ ಬೀಜಕೋಶಕ್ಕೆ ನೀರು ತುಂಬುವುದೂ ಇದೇ ಹುಳುವಿನಿಂದ. ಅದಕ್ಕೆ ಮಾತ್ರ ಸರ್ಜನ್ನರ ಚಾಕು ಚೆನ್ನಾಗಿ ಕೆಲಸ ಮಾಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಶಸ್ತ್ರಕ್ರಿಯೆಯಿದೆ, ನಾಚಿಕೆಯಿಂದ ಹೋಗದವರೇ ಹೆಚ್ಚು.

ಊದಿದ ಕಾಲಿನವರಿಗಾಗಿ ಆರೋಗ್ಯ ಇಲಾಖೆ ಟಬ್ಬು, ಮಗ್ಗು, ಸೋಪು, ಟವೆಲ್ಲು, ಮುಲಾಮು ಇರುವ ಕಿಟ್ ಕೊಡುತ್ತದೆ. ಬಳಸುವ ರೀತಿಯನ್ನು ಆಶಾ ಕಾರ್ಯಕರ್ತೆಯಿಂದಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಕೇಳಿ ತಿಳಿಯಬಹುದು. ಬಿಸಿನೀರು ಬೇಡ, ತಣ್ಣೀರು ಸಾಕು. ಮೇಲಿನಿಂದ ಕೆಳಗೆ, ಚರ್ಮದ ಮಡಿಕೆ ಬಿಡಿಸಿ, ಕೊನೆಗೆ ಬೆರಳ ಸಂದಿ. ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ. ಉಜ್ಜಬಾರದು, ಬಟ್ಟೆಯನ್ನು ಒತ್ತಿ ತೆಗೆಯಬೇಕು. ಒಡಕಿದ್ದರೆ ಮುಲಾಮು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ರಾತ್ರಿ ಮಲಗುವಾಗ ಮಂಚದ ಕಾಲ ಬದಿಯ ಎರಡು ಕಾಲಿನಡಿ ಇಟ್ಟಿಗೆ ಇಡುವುದು. ಹೃದಯದ ತೊಂದರೆ ಇದ್ದವರು ಕಾಲೆತ್ತರಿಸುವ ಮೊದಲು ವೈದ್ಯರನ್ನು ಕೇಳಬೇಕು. ಇಷ್ಟನ್ನೂ ದಿನಾ ಮಾಡಬೇಕು, ಬದುಕಿರುವಷ್ಟು ದಿನ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಊರಿನಲ್ಲಿ ಕಾಲು ತೊಳೆಯಲು ದಿನಕ್ಕೊಂದು ಬಕೆಟ್ ಶುದ್ಧ ನೀರು ಎತ್ತಿಡುವವರು ಯಾರು, ಬಗ್ಗಲಾಗದ ಮುದುಕಿಯ ಬೆರಳ ಸಂದಿ ಒರೆಸುವವರು ಯಾರು ಎಂಬ ಪ್ರಶ್ನೆಗಳಿಗೆ ಕಿಟ್ಟಿನ ಜೊತೆಗಿನ ಕರಪತ್ರದಲ್ಲಿ ಉತ್ತರವಿಲ್ಲ.